ಬಯಲು : ಒಂದು ಮಾತಿನ ಚರಿತ್ರೆ

ದೇಶದ ಚರಿತ್ರೆಯನ್ನು ಬರೆಯುವವರು ಶಾಸನಗಳನ್ನು ಓದುತ್ತಾರೆ, ನಾಣ್ಯಗಳನ್ನು ಪರೀಕ್ಷಿಸುತ್ತಾರೆ, ಹಾಳುಬಿದ್ದ ಕೋಟೆಗಳನ್ನು ಅಳೆಯುತ್ತಾರೆ. ಶಾಸನವನ್ನು ಹಾಕಿಸಲಾರದ, ಕೋಟೆಯನ್ನು ಕಟ್ಟಲಾರದ ಜನರ ಚರಿತ್ರೆಯಾದರೋ ಅವರ ಬಾಯಿಮಾತಿನಲ್ಲಿಯೇ ಉಳಿದಿರುತ್ತದೆ. ಅಂಥ ಮಾತೊಂದನ್ನು ಇಲ್ಲಿ ವಿಚಾರಿಸಬೇಕೆಂದು ಹೊರಟಿದ್ದೇನೆ. ಆಂಗ್ಲರು 'ಪ್ಲೇನ್' ಎನ್ನುತ್ತಾರೆ. ಅದಕ್ಕೆ ಬಹುಮಟ್ಟಿಗೆ ಸಾಟಿಯಾಗಿ ನಮ್ಮಲ್ಲಿರುವುದು 'ಬಯಲು'. ಎರಡೂ ತೀರ ಸಾಮಾನ್ಯವಾದ ಮಾತುಗಳು. ಆದರೆ ಬೋಡಿನಾಯಕನೂರಿನಲ್ಲಿ ನಿಂತು ನೋಡಿದರೆ ಈ ಸಾಮಾನ್ಯ ಮಾತುಗಳ ಹಿಂದೆ ಎಷ್ಟು ದೊಡ್ಡ ವ್ಯಾಜ್ಯವೊಂದು ಅಡಗಿದೆಯೆಂಬುದು ಗೊತ್ತಾಗುತ್ತದೆ.

ಮೊದಲು ಆಂಗ್ಲ ಪದವನ್ನೇ ತೆಗೆದುಕೊಳ್ಳೋಣ. ಲ್ಯಾಟಿನ್ ಭಾಷೆಯಲ್ಲಿ 'ಪ್ಲಾನುಸ್' ಎಂದರೆ ಸಮತಟ್ಟಾದದ್ದು. ಅದು ಹಳೆಯ ಫ್ರೆಂಚಿನ ಮೂಲಕ ಇಂಗ್ಲೆಂಡಿಗೆ ಬಂದು 'ಪ್ಲೇನ್' ಆಯಿತು. ಆರಂಭದಲ್ಲಿ ಅದು ನೆಲಕ್ಕೆ ಸಂಬಂಧಿಸಿದ ಮಾತು. ಏರುತಗ್ಗುಗಳಿಲ್ಲದ ನೆಲದಲ್ಲಿ ಕಣ್ಣಿಗೆ ಮರೆಯಿಲ್ಲವಷ್ಟೆ; ಆದಕಾರಣ 'ಸ್ಪಷ್ಟವಾದದ್ದು' ಎಂಬ ಅರ್ಥ ಹುಟ್ಟಿತು. ಮರೆಯಿಲ್ಲದೆ ಆಡಿದ ಮಾತು ನಿಷ್ಕಪಟವಾದ ಮಾತಾಯಿತು. ಬಣ್ಣವೂ ಕಸೂತಿಯೂ ಇಲ್ಲದ ಬಟ್ಟೆ, ಮಸಾಲೆಯಿಲ್ಲದ ಅಡಿಗೆ, ಆಡಂಬರವಿಲ್ಲದ ಬದುಕು, ಇವೆಲ್ಲಕ್ಕೂ ಅದೇ ವಿಶೇಷಣ ಸಂದಿತು. ಹದಿನೆಂಟನೆಯ ಶತಮಾನದ ಹೊತ್ತಿಗೆ ರೂಪವತಿಯಲ್ಲದ ಹೆಣ್ಣಿಗೂ ಅದೇ ಮಾತನ್ನು ಅಂಟಿಸಿದರು. ಬಟ್ಟೆಗೆ ಹೊಗಳಿಕೆಯಾದದ್ದು ಮುಖಕ್ಕೆ ತೆಗಳಿಕೆಯಾಯಿತೆನ್ನಬಹುದು! 'ವಿವರಿಸು' ಎಂಬರ್ಥದ 'ಎಕ್ಸ್‌ಪ್ಲೇನ್' ಕೂಡ ಈ ಕುಲದ್ದೇ. ಗಂಟುಗಂಟಾಗಿರುವುದನ್ನು ಮಟ್ಟಸ ಮಾಡುವುದೇ ಅದರ ಮೂಲಾರ್ಥ. ಆದರೆ ನ್ಯಾಯಾಲಯದ 'ಪ್ಲೇಂಟಿಫ್', ಅಂದರೆ ವಾದಿ, ಈ ಕುಲಕ್ಕೆ ಸೇರಿದವನಲ್ಲ. ಎದೆ ಬಡಿದುಕೊಂಡು ಗೋಳಿಡುವುದೆಂಬ ಅರ್ಥದ ಬೇರೆ ಲ್ಯಾಟಿನ್ ಧಾತುವಿನಿಂದ ಅವನು ಬಂದವನು. ಕಿವಿಗೆ ಒಂದೇ ಆಗಿ ಕೇಳುವುದೆಲ್ಲ ಒಂದೇ ಬೇರಿನದಲ್ಲವೆಂಬುದಕ್ಕೆ ಇದು ನಿದರ್ಶನ. 1948ರಲ್ಲಿ ಸರ್ ಅರ್ನೆಸ್ಟ್ ಗವರ್ಸ್ ಎಂಬ ಹಿರಿಯ ಅಧಿಕಾರಿಗಳು ಸರ್ಕಾರಿ ನೌಕರರು ಜನಕ್ಕೆ ತಿಳಿಯುವಂತೆ ಬರೆಯಬೇಕೆಂದು ಒಂದು ಪುಸ್ತಕವನ್ನು ಪ್ರಕಟಿಸಿ ಅದಕ್ಕೆ 'ಪ್ಲೇನ್ ವರ್ಡ್ಸ್' ಎಂದು ಹೆಸರಿಟ್ಟರು. ನೆಲದ ಮಾತು ಕಚೇರಿಯ ಆದರ್ಶವಾಗುವ ತನಕ ನಡೆದುಬಂದ ದಾರಿ ಇದು.

ಈ ಆಂಗ್ಲ ಪದ ನಮ್ಮ ಬೋಡಿಗೆ ಬಂದದ್ದು ಪುಸ್ತಕದ ಮೂಲಕವಲ್ಲ, ಬೆಟ್ಟದ ಮೇಲಿನಿಂದ. ಊರಿನ ಮೂರು ದಿಕ್ಕಿಗೂ ಪಶ್ಚಿಮಘಟ್ಟದ ಗೋಡೆ. ಆ ಗೋಡೆಯಾಚೆ ಮುನ್ನಾರಿನ ಚಹಾ ತೋಟಗಳು, ಏಲಕ್ಕಿ ಮಲೆಗಳು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುನ್ನಾರಿನ ಚಹಾವನ್ನು ಕುಂಡಲ ಕಣಿವೆಯ ಪುಟ್ಟ ರೈಲಿನಲ್ಲಿ ಟಾಪ್ ಸ್ಟೇಷನ್ನಿಗೆ ತಂದು, ಅಲ್ಲಿಂದ ಹಗ್ಗದ ದಾರಿಯಲ್ಲಿ ಕೊಟ್ಟಗುಡಿಗೆ ಇಳಿಸಿ, ಬೋಡಿಗೆ ಸಾಗಿಸುತ್ತಿದ್ದರು. ಆ ಪುಟ್ಟ ರೈಲು 1924ರ ಮಹಾಪ್ರವಾಹದಲ್ಲಿ ಕೊಚ್ಚಿಹೋಯಿತು. ಮಧುರೆಯಿಂದ ಬೋಡಿಗೆ ರೈಲು ಬಂದದ್ದು 1928ರಲ್ಲಿ. 2010ರ ಕೊನೆಯಲ್ಲಿ ಹಳಿಯ ಅಗಲವನ್ನು ಹೆಚ್ಚಿಸಲೆಂದು ನಿಂತ ಸಂಚಾರ ಬೋಡಿಯವರೆಗೆ ಮತ್ತೆ ಆರಂಭವಾದದ್ದು 2023ರ ಜೂನ್ ತಿಂಗಳಲ್ಲಿ. ಮೇಲಿನ ತೋಟದ ದೊರೆಗಳ ಬಾಯಲ್ಲಿ ಲೋಕವು ಎರಡೇ ಭಾಗ: ಒಂದು 'ಹಿಲ್ಸ್', ಇನ್ನೊಂದು 'ಪ್ಲೇನ್ಸ್'. ತಂಪು, ತೋಟ, ಬಂಗಲೆ ಇವೆಲ್ಲ ಮೇಲೆ. ಬಿಸಿಲು, ಕೂಲಿಯಾಳು, ಸಂತೆ ಇವೆಲ್ಲ ಕೆಳಗೆ. ಆ ಲೆಕ್ಕದಲ್ಲಿ ಬೋಡಿಯೆಂದರೆ 'ಪ್ಲೇನ್ಸ್'ನ ಮೊದಲ ಊರು. ಇಲ್ಲಿ ಆ ಮಾತಿಗೆ ಸಮತಟ್ಟೆಂಬ ಅರ್ಥಕ್ಕಿಂತ 'ಕೆಳಗಿನದು' ಎಂಬ ಅರ್ಥವೇ ಮುಂದಾಗಿತ್ತು.

ಇನ್ನು ನಮ್ಮ ಮಾತಿಗೆ ಬರೋಣ. ಬಟ್ಟೆಗೋ ದೋಸೆಗೋ 'ಪ್ಲೇನ್' ಎನ್ನಬೇಕಾದಾಗ ಕನ್ನಡಿಗರು 'ಬಯಲು' ಎನ್ನುವುದಿಲ್ಲ. ಅದಕ್ಕೆ ಪಾರ್ಸಿಯಿಂದ ಬಂದ 'ಸಾದಾ' ಇದೆ. ನಮ್ಮದೇ ಆದ 'ಬರೀ' ಇದೆ. ಮೈಸೂರಿನ ಕಡೆ ಪಲ್ಯವಿಲ್ಲದ ದೋಸೆಗೆ 'ಖಾಲಿ ದೋಸೆ' ಎಂದೇ ಹೆಸರು. 'ಬಯಲು' ಎಂಬುದು ಇವಕ್ಕಿಂತ ಗಂಭೀರವಾದ ಮಾತು, ಇವಕ್ಕಿಂತ ಬಹಳ ಹಳೆಯದೂ ಹೌದು.

ತಮಿಳಿನ ಪದಾದಿಯ ವಕಾರಕ್ಕೆ ಕನ್ನಡದಲ್ಲಿ ಬಕಾರ ಬರುವುದು ಈ ಸೀಮೆಯ ಕನ್ನಡಿಗರೆಲ್ಲರ ಅನುಭವಕ್ಕೆ ಬಂದ ಸಂಗತಿ. ಅವರ 'ವಾಯ್' ನಮ್ಮ ಬಾಯಿ, ಅವರ 'ವಿಲ್' ನಮ್ಮ ಬಿಲ್ಲು, ಅವರ 'ವೆಳ್ಳಿ' ನಮ್ಮ ಬೆಳ್ಳಿ, ಅವರ 'ವೇರ್' ನಮ್ಮ ಬೇರು. ಅದೇ ರೀತಿ ಅವರ 'ವಯಲ್' ನಮ್ಮ ಬಯಲು. ಆದರೆ ಬಾಯಿಗೂ 'ವಾಯ್'ಗೂ ಅರ್ಥದಲ್ಲಿ ಭೇದವಿಲ್ಲ. ಬಯಲಿಗೂ 'ವಯಲ್'ಗೂ ಮಾತ್ರ ಅಜಗಜಾಂತರ. ತಮಿಳು ರೈತ 'ವಯಲ್' ಎಂದರೆ ನೀರು ನಿಂತ, ಬದು ಕಟ್ಟಿದ, ಪೈರು ನಾಟಿದ ಗದ್ದೆ. ಮೈಸೂರಿನ ರೈತ 'ಬಯಲು' ಎಂದರೆ ಬದುವಿಲ್ಲದ, ಬೇಲಿಯಿಲ್ಲದ, ಬಿತ್ತದ ನೆಲ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಒಕ್ಕಲು ಹೂಡಿದ, ಇನ್ನೊಬ್ಬ ದನ ಹೊಡೆದುಕೊಂಡು ಹೋದ ಎಂಬಂತಾಗಿದೆ. ಬೋಡಿಯಲ್ಲಿ ತೆಲುಗು ಮನೆಮಾತಿನವರೂ ಇದ್ದಾರಷ್ಟೆ. ಅವರ ಭಾಷೆಯಲ್ಲಿ 'ಬಯಟ' ಎಂದರೆ ಹೊರಗೆ, 'ಬಯಲುದೇರು' ಎಂದರೆ ಹೊರಟುಹೋಗು. ಮೂರನೆಯವನು ಊರನ್ನೇ ಬಿಟ್ಟು ಹೊರಟನೆಂದು ಹೇಳಬೇಕು.

ಕನ್ನಡನಾಡಿನಲ್ಲಿಯೇ ಈ ಮಾತಿನ ಅರ್ಥ ಎಲ್ಲೆಡೆ ಒಂದೇ ಅಲ್ಲ. ಕಾಸರಗೋಡಿನಿಂದ ಉಡುಪಿಯವರೆಗಿನ ಕರಾವಳಿಯಲ್ಲಿ ಭೂಮಿಯನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ತರಗತಿಯಾಗಿ ವಿಂಗಡಿಸುವುದು ವಾಡಿಕೆ. ತೋಡಿನ ನೀರು ಹರಿಯುವ ತಗ್ಗಿನ ಗದ್ದೆ ಬೈಲು, ಅದಕ್ಕಿಂತ ಮೇಲಿನದು ಮಜಲು, ಮಳೆಯನ್ನೇ ನಂಬಿದ ಎತ್ತರದ ಗದ್ದೆ ಬೆಟ್ಟು. ಅಲ್ಲಿಯ ಬೈಲು ತಮಿಳಿನ 'ವಯಲ್'ನ ನೆರೆಮನೆಯೇ ಆಗಿದೆ. ಇನ್ನೂ ಸ್ವಾರಸ್ಯದ ಸಂಗತಿಯೊಂದುಂಟು. ಇಂದಿನ ವಯನಾಡನ್ನು ಹಳೆಯ ಕನ್ನಡ ಶಾಸನಗಳು 'ಬಯಲ್ನಾಡು' ಎಂದು ಕರೆಯುತ್ತವೆ. ಅಲ್ಲಿ ಕದಂಬರ ಒಂದು ಶಾಖೆ ಆಳುತ್ತಿತ್ತು. ಹೊಯ್ಸಳ ವಿಷ್ಣುವರ್ಧನನು ಗೆದ್ದ ನಾಡುಗಳಲ್ಲಿ ಬಯಲ್ನಾಡೂ ಒಂದು. ಬೆಟ್ಟಗಳೇ ತುಂಬಿದ ನಾಡಿಗೆ ಬಯಲೆಂಬ ಹೆಸರೇಕೆ ಎಂದು ಯಾರಿಗಾದರೂ ಸಂದೇಹ ಬರಬಹುದು. ಗುಡ್ಡಗಳ ನಡುವಣ ಜೌಗುಗದ್ದೆಗಳನ್ನು ಕಂಡವರಿಗೆ ಆ ಸಂದೇಹ ಪರಿಹಾರವಾಗುತ್ತದೆ. ಅದು 'ವಯಲ್'ಗಳ ನಾಡು. ಕನ್ನಡದ ಬಾಯಲ್ಲಿ ಬಯಲ್ನಾಡು.

ಘಟ್ಟದ ಮೇಲೆ, ಮಳೆ ಕಡಮೆಯಾದ ಸೀಮೆಯಲ್ಲಿ, ಮಾತು ಬೇರೆ ಹಾದಿ ಹಿಡಿಯಿತು. ಮಲೆನಾಡಿಗೆ ಪ್ರತಿಯಾಗಿ ಬಯಲುಸೀಮೆಯೆಂಬ ಹೆಸರು ಹುಟ್ಟಿತು. ನೀರಿನ ಭೂಮಿಗೆ ಗದ್ದೆ, ಮಳೆಯ ಭೂಮಿಗೆ ಹೊಲ ಎಂಬ ಬೇರೆ ಮಾತುಗಳು ನೆಲೆಯೂರಿದ್ದರಿಂದ ಬಯಲಿಗೆ ಉಳಿದದ್ದು ತೆರವಾದ ನೆಲವೊಂದೇ. ಅಲ್ಲಿಂದ ಮುಂದೆ ಅದರ ಬೆಳವಣಿಗೆ ಆಂಗ್ಲ ಪದದ ಬೆಳವಣಿಗೆಯಂತೆಯೇ ಇದೆ. ಮರೆಯಿಲ್ಲದ ಜಾಗದಲ್ಲಿ ಎಲ್ಲವೂ ಕಾಣಿಸುತ್ತದೆಯಾದ್ದರಿಂದ ಗುಟ್ಟು 'ಬಯಲಾಯಿತು', ಮೋಸವನ್ನು 'ಬಯಲಿಗೆಳೆದರು'. ಮಂಟಪವಿಲ್ಲದೆ ಆಡುವ ಆಟ 'ಬಯಲಾಟ'ವಾಯಿತು. ಯೂರೋಪಿನ ಪಂಡಿತರೂ ನಮ್ಮ ಹಳ್ಳಿಯ ಒಕ್ಕಲಿಗರೂ ಒಬ್ಬರನ್ನೊಬ್ಬರು ಕೇಳದೆಯೇ ಸಮತಟ್ಟಿನಿಂದ ಸ್ಪಷ್ಟತೆಗೆ, ಸ್ಪಷ್ಟತೆಯಿಂದ ಸತ್ಯಕ್ಕೆ ನಡೆದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಮಹಾಶಯರ ನಿಘಂಟನ್ನು ತೆರೆದು ಈ ಪದದ ಸುತ್ತ ಸೇರಿರುವ ಅರ್ಥಗಳನ್ನು ನೋಡಿದರೆ ಈ ನಡಿಗೆಯ ಹೆಜ್ಜೆಗುರುತುಗಳು ಕಾಣುತ್ತವೆ.

ಆದರೆ ಆಂಗ್ಲ ಪದ ನಿಂತ ಕಡೆ ಕನ್ನಡ ಪದ ನಿಲ್ಲಲಿಲ್ಲ. ಹನ್ನೆರಡನೆಯ ಶತಮಾನದ ಶಿವಶರಣರು ಅದನ್ನು ಎತ್ತಿಕೊಂಡರು. ಅಲ್ಲಮಪ್ರಭುವಿನ ವಚನಗಳಲ್ಲಿ ಬಯಲೆಂದರೆ ನಾಮರೂಪಗಳ ಬೇಲಿಯಿಲ್ಲದ ಪರತತ್ತ್ವ. ಅಕ್ಕಮಹಾದೇವಿ ಶ್ರೀಶೈಲದ ಕದಳಿಯಲ್ಲಿ 'ಬಯಲಾದಳು' ಎಂಬುದು ಪರಂಪರೆಯ ಮಾತು. ಸತ್ತಳೆಂದಲ್ಲ, ಮೇರೆಯಿಲ್ಲದ್ದರಲ್ಲಿ ಒಂದಾದಳೆಂದು ಅದರ ಭಾವ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಸಂಕಲಿಸಿದ 'ಶೂನ್ಯಸಂಪಾದನೆ'ಯ ಹೆಸರಿನಲ್ಲಿರುವ ಸಂಸ್ಕೃತದ 'ಶೂನ್ಯ'ಕ್ಕೆ ಸಮನಾಗಿ ನಿಲ್ಲುವ ಅಚ್ಚಗನ್ನಡ ಮಾತು ಇದೇ. ತಮಿಳರಲ್ಲಿಯೂ ತಾಯುಮಾನವರಂಥ ಅನುಭಾವಿಗಳು ಇದೇ ಅನುಭವವನ್ನು ಹೇಳಿದರು. ಆದರೆ ಅವರು ಬಳಸಿದ ಮಾತು 'ವೆಳಿ'. 'ವಯಲ್' ಅಷ್ಟರಲ್ಲಿ ಪೈರಿನಿಂದ ತುಂಬಿಹೋಗಿದ್ದುದರಿಂದ ಅದು ಆ ಕೆಲಸಕ್ಕೆ ಒದಗಲಿಲ್ಲವೆಂದು ತೋರುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಶರಣರ ಬಯಲು 'ಏನೂ ಇಲ್ಲದ್ದು' ಅಲ್ಲ. ಯಾರೊಬ್ಬರೂ ತನ್ನದೆಂದು ಹೇಳಲಾಗದ್ದು. ಬರಿದಕ್ಕೂ ಬಯಲಿಗೂ ಇರುವ ಅಂತರವಿದು. ಈ ಅಂತರವೇ ನನ್ನ ಲೇಖನದ ಮುಖ್ಯ ವಿಷಯ.

ಈ ಮಾತನ್ನು ಕಟ್ಟಿಕೊಂಡು ತೆಂಕಣಕ್ಕೆ ಬಂದ ಕನ್ನಡಿಗರ ಕಥೆಯನ್ನು ಇನ್ನು ಹೇಳಬೇಕು. ವಿಜಯನಗರದ ಮತ್ತು ಮಧುರೆಯ ನಾಯಕರ ಕಾಲದಲ್ಲಿ ಉತ್ತರದಿಂದ ಅನೇಕ ತೆಲುಗು ಮತ್ತು ಕನ್ನಡ ಕುಲಗಳು ಈ ಸೀಮೆಗೆ ಇಳಿದವು. ಕಂಬಂ ಕಣಿವೆಯ ಕಪ್ಪಿಲಿಯರು, ಮಧುರೆ ಸೀಮೆಯ ಅನುಪ್ಪರು ಕನ್ನಡ ಮನೆಮಾತಿನ ಒಕ್ಕಲುಗಳೆಂದು 1909ರ ಥರ್ಸ್ಟನ್ನರ ಗ್ರಂಥವೂ ಹೇಳುತ್ತದೆ. ಕಪ್ಪಿಲಿಯರು ತಮ್ಮ ಮೂಲವನ್ನು ತುಂಗಭದ್ರೆಯ ತೀರಕ್ಕೆ ಒಯ್ಯುತ್ತಾರೆ. ಇವರಲ್ಲಿ ಬಹುಮಂದಿಗೆ ಕನ್ನಡ ಲಿಪಿಯ ಪರಿಚಯವಿಲ್ಲ. ಶಾಲೆಯ ಓದು ತಮಿಳಿನಲ್ಲಿ. ಆದರೂ ಮನೆಯೊಳಗೆ ಕನ್ನಡ ತಲೆಮಾರಿನಿಂದ ತಲೆಮಾರಿಗೆ ಉಳಿದುಬಂತು.

ಹಾಗೆ ಉಳಿದದ್ದಕ್ಕೆ ಒಂದು ಸಾಕ್ಷ್ಯವನ್ನು ಕೊಡುತ್ತೇನೆ. 1906ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಎಂಬ ಅಧಿಕಾರಿ ಬರೆದ ಮಧುರೆ ಜಿಲ್ಲೆಯ ಗೆಜೆಟಿಯರಿನಲ್ಲಿ ಕಂಬಂ ಕಣಿವೆಯ ಕಪ್ಪಿಲಿಯರ ಪವಿತ್ರವಾದ ದನದ ಮಂದೆಯೊಂದರ ವರ್ಣನೆಯಿದೆ. ಆ ಮಂದೆಗೆ 'ದೇವರು ಆವು' ಎಂದು ಹೆಸರು. ಅದರ ಮುಖ್ಯ ಹೋರಿಗೆ 'ಪಟ್ಟದ ಆವು' ಎಂದು ಹೆಸರು. ಪಟ್ಟದ ಹೋರಿ ತೀರಿಕೊಂಡರೆ ಮಂದೆಯನ್ನೆಲ್ಲ ಕೂಡಿಸಿ, ಕರ್ಪೂರ, ಬಾಳೆಹಣ್ಣು, ಎಲೆಯಡಿಕೆ ಅರ್ಪಿಸಿ, ಕಬ್ಬಿನ ಕಟ್ಟೊಂದನ್ನು ಮುಂದಿಡುತ್ತಾರೆ. ಯಾವ ಹೋರಿ ಮೊದಲು ಕಬ್ಬಿನ ಬಳಿಗೆ ಬರುತ್ತದೆಯೋ ಅದಕ್ಕೆ ಪಟ್ಟ. ಅರಿಸಿನ ಕುಂಕುಮ ಬಳಿದು, ಹೂಮಾಲೆ ಹಾಕಿ, ನಂದಗೋಪಾಲ, ವೇಣುಗೋಪಾಲ ಎಂಬ ಹೆಸರಿಡುತ್ತಾರೆ. ಕಂಬಮ್ಮಿನಲ್ಲಿ ನಂದಗೋಪಾಲಸ್ವಾಮಿಯ ಹೆಸರಿನ ದೊಡ್ಡಿ ಇಂದಿಗೂ ಪ್ರಸಿದ್ಧವಾಗಿದೆ. ಬೆಂಗಳೂರಿನ ಮಾತಿನಲ್ಲಿ ದನವಿದೆ, ಹಸುವಿದೆ, ಆಕಳಿದೆ. 'ಆವು' ಎಂಬುದನ್ನು ಹಳಗನ್ನಡದ ಪಾಠ ಓದಿದವರು ಮಾತ್ರ ಬಲ್ಲರು. ಕಂಬಂ ಕಣಿವೆಯಲ್ಲಿ ಅದು ಕೊಂಬು ಗೊರಸುಗಳೊಡನೆ ಓಡಾಡುತ್ತಿತ್ತು! ಆಂಗ್ಲ ಅಧಿಕಾರಿಯೊಬ್ಬ ಅದನ್ನು ಕೇಳಿದಂತೆಯೇ ಬರೆದುಕೊಂಡದ್ದು ನಮ್ಮ ಪುಣ್ಯ.

ಮಂದೆಯಿದ್ದ ಮೇಲೆ ಬಯಲು ಬೇಕು. ದನ ಬಯಲಿಗೆ ಹೋದರೆ ಅದು ಮೇವು. ಅದೇ ದನ 'ವಯಲ್'ಗೆ ನುಗ್ಗಿದರೆ ಅದು ಅಪರಾಧ. ಒಂದಕ್ಷರದ ವ್ಯತ್ಯಾಸದಲ್ಲಿ ಎರಡು ಬೇರೆ ಬೇರೆ ಧರ್ಮಗಳಿವೆ. ಹಿಂದೆ ಇವೆರಡೂ ಒಂದರ ಪಕ್ಕದಲ್ಲೊಂದು ನಡೆದುಕೊಂಡು ಬಂದವು. ಮಳೆಗಾಲದಲ್ಲಿ ಮಂದೆ ಬೆಟ್ಟದ ತಪ್ಪಲಿಗೆ ಏರುತ್ತಿತ್ತು. ಕೊಯ್ಲಾದ ಮೇಲೆ ಕೆಳಗಿಳಿದು ಖಾಲಿ ಗದ್ದೆಗಳಲ್ಲಿ ರಾತ್ರಿ ತಂಗುತ್ತಿತ್ತು. ಗದ್ದೆಯವನಿಗೆ ಗೊಬ್ಬರ, ಮಂದೆಯವನಿಗೆ ಕಾಳು. ಕೊಯ್ಲು ಮುಗಿದ 'ವಯಲ್' ಕೆಲವು ತಿಂಗಳ ಕಾಲ ಕನ್ನಡದ ಅರ್ಥದಲ್ಲಿ ಬಯಲಾಗುತ್ತಿತ್ತೆಂದು ಹೇಳಬಹುದು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಹೊಂದಾಣಿಕೆಗೆ ಎರಡು ಕಡೆಯಿಂದ ಒತ್ತಡ ಬಂತು. ಮೇಲಿನಿಂದ ಬಂದದ್ದು 1882ರ ಮದರಾಸು ಅರಣ್ಯ ಕಾಯಿದೆ. ಅದರಿಂದ ಬೆಟ್ಟದ ಕಾಡುಗಳು ಸರ್ಕಾರದ ಕಾಯ್ದಿಟ್ಟ ಅರಣ್ಯಗಳಾದವು. ಕೆಳಗಿನಿಂದ ಬಂದದ್ದು ಪೆರಿಯಾರ್ ನೀರು. ಕರ್ನಲ್ ಪೆನ್ನಿಕ್ವಿಕ್ ಅವರ ನೇತೃತ್ವದಲ್ಲಿ 1887ರಿಂದ 1895ರವರೆಗೆ ಕಟ್ಟಿದ ಅಣೆಕಟ್ಟು ಪಶ್ಚಿಮಕ್ಕೆ ಹರಿಯುತ್ತಿದ್ದ ನೀರನ್ನು ಸುರಂಗದ ಮೂಲಕ ಪೂರ್ವಕ್ಕೆ ತಿರುಗಿಸಿತು. ಇಂದು ಕಂಬಂ ಕಣಿವೆಯಲ್ಲಿ ಸುಮಾರು 14,700 ಎಕರೆ ಎರಡು ಬೆಳೆಯ ಭತ್ತದ ಭೂಮಿಯಿದೆ. ಪೆನ್ನಿಕ್ವಿಕ್ಕರ ಪಟವನ್ನು ಈ ಸೀಮೆಯ ಮನೆಗಳಲ್ಲಿ ದೇವರ ಪಟದ ಜೊತೆ ಇಟ್ಟಿರುವುದನ್ನು ಕಾಣಬಹುದು. ಆ ಕೃತಜ್ಞತೆ ನ್ಯಾಯವಾದದ್ದೇ. ಹಸಿದ ಸೀಮೆಗೆ ಅನ್ನ ಬಂತು. ಆದರೆ ಒಂದು ಬೆಳೆಯ ಗದ್ದೆ ಎರಡು ಬೆಳೆಯ ಗದ್ದೆಯಾದಾಗ ನಡುವಣ ಬಿಡುವು ಕುಗ್ಗಿತು. ಬಿಡುವು ಕುಗ್ಗಿದಂತೆ ಮಂದೆಯ ಪಾಲಿನ ಬಯಲೂ ಕುಗ್ಗಿತು.

ನಡುವೆ ಉಳಿದ ತೆರವು ನೆಲಕ್ಕೆ ಸರ್ಕಾರ ಕೊಟ್ಟ ಹೆಸರನ್ನು ನೋಡಿ. ಆಂಗ್ಲರು ಅದನ್ನು 'ವೇಸ್ಟ್' ಎಂದರು, ಅಂದರೆ ವ್ಯರ್ಥವಾದದ್ದು. ತಮಿಳುನಾಡಿನ ರೆವಿನ್ಯೂ ಲೆಕ್ಕದಲ್ಲಿ ಅದು 'ಪುರಂಬೋಕ್ಕು', ಲೆಕ್ಕದ ಹೊರಗಿನದು. ಮೈಸೂರಿನ ಲೆಕ್ಕದಲ್ಲಿ ಅದು 'ಖರಾಬು', ಕೆಟ್ಟದ್ದು. ಕಂದಾಯ ಕೊಡದ ನೆಲವೆಲ್ಲ ಕೆಲಸಕ್ಕೆ ಬಾರದ ನೆಲವಾಯಿತು. ಬಯಲಿಗೆ ಬರಿದೆಂಬ ಅರ್ಥವನ್ನು ಹೇರಿದ್ದು ಕವಿಗಳಲ್ಲ, ಶಾನುಭೋಗರ ಪುಸ್ತಕ.

ಕನ್ನಡನಾಡಿನಲ್ಲಿಯೂ ಇದೇ ಕಥೆ ನಡೆದಿದೆ. ಗೋಮಾಳಕ್ಕೆಂದು ನೂರು ದನಕ್ಕೆ 30 ಎಕರೆ ನೆಲ ಬಿಡಬೇಕೆಂದು ಕರ್ನಾಟಕದ 1966ರ ಭೂಕಂದಾಯ ನಿಯಮಗಳು ಹೇಳುತ್ತವೆ. ಆದರೆ ಗೋಮಾಳವನ್ನು ಹುಡುಕಿಕೊಂಡು ಹೋದರೆ ಎಷ್ಟೋ ಊರುಗಳಲ್ಲಿ ಹೆಸರು ಸಿಕ್ಕೀತು, ನೆಲ ಸಿಕ್ಕದು. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆ ಹುಲ್ಲುಗಾವಲನ್ನು 2010ರ ಆಸುಪಾಸಿನಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಲಾಯಿತು. ಆ ಸಂಸ್ಥೆಗಳು ಬೇಡವೆಂದು ಯಾರೂ ಹೇಳಲಾರರು. ಆದರೆ 'ಅಲ್ಲಿ ಏನೂ ಇರಲಿಲ್ಲ' ಎಂಬ ಮಾತನ್ನು ಮಾತ್ರ ಒಪ್ಪಲಾಗದು. ಅಲ್ಲಿ ಬಯಲಿತ್ತು; ಅದನ್ನು ನಂಬಿದ ಕುರಿ ದನಗಳಿದ್ದವು, ಊರುಗಳಿದ್ದವು.

ಮತ್ತೆ ನಮ್ಮ ಕಣಿವೆಗೆ ಬರೋಣ. 2021ರಲ್ಲಿ ಶ್ರೀವಿಲ್ಲಿಪುತ್ತೂರು–ಮೇಘಮಲೆ ಹುಲಿ ರಕ್ಷಿತಾರಣ್ಯ ಘೋಷಿತವಾಯಿತು. ವಿಸ್ತಾರ ಸುಮಾರು 1,016 ಚದರ ಕಿಲೋಮೀಟರು. 2022ರ ಮಾರ್ಚ್ ತಿಂಗಳಲ್ಲಿ ಮದರಾಸು ಉಚ್ಚ ನ್ಯಾಯಾಲಯವು ರಾಜ್ಯದ ಅರಣ್ಯಗಳಲ್ಲೆಲ್ಲ ದನ ಮೇಯಿಸುವುದನ್ನು ನಿಷೇಧಿಸಿ, ಅದೇ ತಿಂಗಳಲ್ಲಿ ತನ್ನ ಆಜ್ಞೆಯನ್ನು ತಿದ್ದಿ, ನಿಷೇಧವನ್ನು ಹುಲಿ ರಕ್ಷಿತಾರಣ್ಯ, ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಿಗೆ ಸೀಮಿತಗೊಳಿಸಿತು. ತೇನಿ ಜಿಲ್ಲೆಯ ಮಲೆದನಗಳ ಪಾಲಿಗೆ ಈ ತಿದ್ದುಪಡಿಯಿಂದ ಆದ ಉಪಶಮನ ಅಲ್ಪ. ಅವು ಮೇಯುತ್ತಿದ್ದ ತಪ್ಪಲಿನ ಬಹುಭಾಗ ಆ ರಕ್ಷಿತಾರಣ್ಯದ ಒಳಗೇ ಸೇರಿದೆ. ಅರಣ್ಯವಾಸಿಗಳಿಗೂ ಪಶುಪಾಲಕರಿಗೂ ಮೇವಿನ ಹಕ್ಕನ್ನು 2006ರ ಅರಣ್ಯ ಹಕ್ಕುಗಳ ಕಾಯಿದೆ ಒಪ್ಪಿಕೊಂಡಿದೆಯೆಂದು ದನಗಾಹಿಗಳ ಪಕ್ಷದವರು ವಾದಿಸುತ್ತಾರೆ. ಹುಲಿಗೂ ಕಾಡು ಬೇಕು, ವೈಗೈ ನದಿಗೂ ಕಾಡು ಬೇಕು ಎಂಬ ಎದುರುವಾದವನ್ನೂ ತಳ್ಳಿಹಾಕುವಂತಿಲ್ಲ. ತೀರ್ಪು ಕೊಡುವುದು ಈ ಲೇಖಕನ ಕೆಲಸವಲ್ಲ. ಆದರೆ ಈ ವಾದದಲ್ಲಿ ಒಂದು ಮಾತಿಗೆ ಜಾಗವಿಲ್ಲದಂತಾಗಿದೆ. ಕಾನೂನಿಗೆ ಕಾಡು ಗೊತ್ತು, 'ವಯಲ್' ಗೊತ್ತು; ಇವೆರಡರ ನಡುವೆ ಮೂರನೆಯದೊಂದಿತ್ತೆಂಬುದು ಗೊತ್ತಿಲ್ಲ. ಈ ಸೀಮೆಯ ತಮಿಳಿನಲ್ಲಿ ಮಳೆಯ ಹೊಲಕ್ಕೂ 'ಕಾಡು' ಎಂದೇ ಹೇಳುವುದು ವಾಡಿಕೆ. ಆಡುಮಾತಿನಲ್ಲಿ ಹೊಲವೂ ಕಾಡೇ, ಬೆಟ್ಟವೂ ಕಾಡೇ ಆಗಿರುವಾಗ, ನಡುವಣ ತೆರೆದ ನೆಲಕ್ಕೆ ಮರ್ಯಾದೆಯ ಹೆಸರೊಂದನ್ನು ಇಟ್ಟುಕೊಂಡವರು ನಮ್ಮವರು.

ಆದಕಾರಣ ನಮ್ಮ ಸಂಘದ ಸದಸ್ಯರಲ್ಲಿ ಒಂದು ವಿಜ್ಞಾಪನೆ. ಕನ್ನಡವನ್ನು ಉಳಿಸಬೇಕೆಂದಾಗ ನಾವು ಪಂಪನನ್ನು ನೆನೆಯುತ್ತೇವೆ, ಕುಮಾರವ್ಯಾಸನನ್ನು ವಾಚಿಸುತ್ತೇವೆ, ರಾಜ್ಯೋತ್ಸವದಂದು ದೀಪ ಹಚ್ಚುತ್ತೇವೆ. ಇವೆಲ್ಲ ಆಗಬೇಕಾದದ್ದೇ. ಅದರ ಜೊತೆಗೆ, ಈ ಕಣಿವೆಯಲ್ಲಿ ಲಿಪಿಯಿಲ್ಲದೆ ಕನ್ನಡವನ್ನು ಕಾಪಾಡಿದ ಮನೆಗಳಿಗೆ ಹೋಗಿ, ಅಜ್ಜಿಯರ ಬಳಿ ಕುಳಿತು, ಮಂದೆಗೆ, ಹುಲ್ಲಿಗೆ, ಹಾದಿಗೆ, ತೆರವು ನೆಲಕ್ಕೆ ಅವರು ಯಾವ ಯಾವ ಮಾತನ್ನು ಆಡುತ್ತಾರೆಂದು ಕೇಳಿ ಬರೆದಿಟ್ಟುಕೊಳ್ಳೋಣ. 1906ರಲ್ಲಿ ಪರದೇಶದವನೊಬ್ಬ ಎರಡು ಮಾತುಗಳನ್ನು ಬರೆದಿಟ್ಟದ್ದರಿಂದ ಇಂದು ನಾನು ಇಷ್ಟನ್ನು ಹೇಳುವುದು ಸಾಧ್ಯವಾಯಿತು. ಅವರ ಮನೆಯಂಗಳದಲ್ಲಿ ಕುಳಿತು ಅವರ ಮಾತಿನಲ್ಲಿಯೇ ಕೇಳಬಲ್ಲ ನಾವು ಇನ್ನೂ ಹೆಚ್ಚನ್ನು ಬರೆದಿಡಬಹುದಲ್ಲವೆ? ಕೊಟ್ಟಗುಡಿ ಹೊಳೆಯ ದಂಡೆಯಲ್ಲಿ ಸಂಜೆಯ ಹೊತ್ತು ನಿಂತು ಪಶ್ಚಿಮಕ್ಕೆ ನೋಡಿದರೆ ಬೆಟ್ಟವೂ ಗದ್ದೆಯೂ ಕಾಣುತ್ತವೆ. ನಡುವೆ ಇನ್ನೂ ಒಂದಿಷ್ಟು ತೆರವಾದ ನೆಲ ಕಾಣುತ್ತದೆ. ಅದರ ಹೆಸರನ್ನು ನಮ್ಮ ಮಕ್ಕಳಿಗೆ ಹೇಳಿಕೊಡೋಣ.